ತೀರಿಲಳ ಮರದ ಕನ್ನಡಕ

ಭೂಮಿಯ ಉತ್ತರದ ತುದಿಯಲ್ಲಿರುವ ನಮ್ಮೂರಿಗೆ ಸೂರ್ಯ ವರ್ಷದಲ್ಲಿ ಎರಡು ತಿಂಗಳು ಬರುವುದೇ ಇಲ್ಲ. ನವೆಂಬರ್ ಕೊನೆಯಲ್ಲಿ ಗುಡ್ಡದ ಹಿಂದೆ ಹೋದವನು ಮತ್ತೆ ಮುಖ ತೋರಿಸುವುದು ಜನವರಿ ಕೊನೆಗೆ. ಅಷ್ಟು ದಿನ ಮಧ್ಯಾಹ್ನದ ಅಡುಗೆಗೂ ದೀಪ ಹಚ್ಚಬೇಕು. ಅವನು ಬರುವ ದಿನ ಮನೆಮನೆಯಲ್ಲೂ ಜಾಮ್ ತುಂಬಿದ ಸೂರ್ಯನ ಬನ್ನು ಮಾಡುತ್ತೇವೆ. ಶಾಲೆಯ ಮಕ್ಕಳು ಸಾಲಾಗಿ ದಿಬ್ಬ ಹತ್ತಿ, ಗುಡ್ಡದ ಅಂಚಿನಲ್ಲಿ ಒಂದು ಚೂರು ಹೊಳಪು ಕಂಡ ಕೂಡಲೇ ಊರೆಲ್ಲ ಕೇಳುವ ಹಾಗೆ ಕೂಗುತ್ತಾರೆ. ನನಗೆ ಅರವತ್ತೆಂಟು ವಯಸ್ಸು. ಇವತ್ತಿಗೂ ಆ ಕೂಗು ಕೇಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಓಡುತ್ತೇನೆ.

ಇಂಥ ಅತಿಥಿಯಿಂದ ಯಾರ ಮಗುವಿನ ಕಣ್ಣಿಗಾದರೂ ಕೇಡಾಗುತ್ತದೆಯೇ? ನನ್ನ ವಾದ ಇದೇ ಆಗಿತ್ತು. ನಾನು ಗುನ್ವೋರ್. ಈ ಬಂದರಿನ ಮೀನಿನ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ಕಾಡ್ ಎಂಬ ಕಡಲ ಮೀನು ಸೀಳಿದವಳು. ಈ ಕಥೆಯಲ್ಲಿ ತಪ್ಪು ಮಾಡಿದವಳೂ ನಾನೇ. ಊರವರ ಬಾಯಿಂದ ಉಪ್ಪು ಖಾರ ಸೇರಿಸಿ ಕೇಳುವ ಬದಲು ನನ್ನ ಬಾಯಿಂದಲೇ ಕೇಳಿಬಿಡಿ.

ನಮ್ಮ ಮಗಳು ಮಾರೆನ್‌ಗೆ ಹಡಗಿನಲ್ಲಿ ಅಡುಗೆ ಕೆಲಸ. ಅವಳು ಮೂರು ವಾರ ನೀರಿನ ಮೇಲಿದ್ದರೆ ಅವಳ ಮಗಳು ತೀರಿಲ್ ನಮ್ಮ ಜೊತೆ ಇರುತ್ತಾಳೆ. ತೀರಿಲ್‌ಗೆ ಆರು ವರ್ಷ. ಬಾಯಿ ಮಾತ್ರ ಅರವತ್ತು ವರ್ಷದ್ದು. ಈ ವರ್ಷದ ಈಸ್ಟರ್ ರಜೆಗೂ ನಮ್ಮ ಜೊತೆಯಲ್ಲೇ ಇದ್ದಳು. ಈಸ್ಟರ್ ಎಂದರೆ ನಮ್ಮವರು ಯಾರೂ ಊರಲ್ಲಿ ನಿಲ್ಲುವುದಿಲ್ಲ. ಚೀಲದ ತುಂಬ ಕಿತ್ತಳೆ ಹಣ್ಣು ತುಂಬಿಕೊಂಡು, ಕಾಲಿಗೆ ಸ್ಕೀ ಹಲಗೆ ಕಟ್ಟಿಕೊಂಡು ಗುಡ್ಡದ ಮೇಲಿನ ಮರದ ಮನೆಗೆ ಹೋಗುವುದೇ. ಅಲ್ಲಿ ಮಂಡಿಯುದ್ದ ಹಿಮ, ಮೇಲೆ ಹಗಲೆಲ್ಲ ಬಿಸಿಲು. ಹಿಮದಲ್ಲಿ ಒಂದು ಗುಂಡಿ ತೋಡಿ, ಹಿಮಸಾರಂಗದ ಚರ್ಮ ಹಾಸಿ, ಮುಖವನ್ನು ಸೂರ್ಯನಿಗೆ ಒಡ್ಡಿ ಕೂತುಬಿಡುತ್ತೇವೆ. ಎರಡು ತಿಂಗಳ ಕತ್ತಲೆಯ ಬಾಕಿಯನ್ನು ನಾವು ವಸೂಲು ಮಾಡುವುದು ಹಾಗೆ.

ಅದಕ್ಕೂ ಹಿಂದಿನ ವರ್ಷ ತೀರಿಲ್ ಹಾಕಿದ್ದ ಲೋಹದ ಕನ್ನಡಕ ಚಳಿಗೆ ಕಿವಿಯ ಹತ್ತಿರ ಚರ್ಮಕ್ಕೆ ಅಂಟಿ, ಬಿಡಿಸುವಾಗ ಗಾಯವಾಗಿತ್ತು. ಪ್ಲಾಸ್ಟಿಕ್ಕಿನದು ಕೊಡಿಸಿದರೆ ಚಳಿಗೆ ಲಟಕ್ಕೆಂದು ಮುರಿದಿತ್ತು. ಆಗ ನನ್ನ ಗಂಡ ಹಲ್ವಾರ್ ಹೇಳಿದ, "ಮರದಲ್ಲಿ ನಾನೇ ಮಾಡ್ತೀನಿ ಬಿಡು. ಮರ ಚಳಿಗೆ ಕಚ್ಚಲ್ಲ."

ನಲವತ್ತು ವರ್ಷ ದೋಣಿ ಕಟ್ಟಿದ ಕೈ ಅದು. ತೀರಿಲಳ ಮುಖದ ಮೇಲೆ ಕಾಗದ ಇಟ್ಟು ಅಳತೆ ತೆಗೆದ. ಬರ್ಚ್ ಮರದ ತೆಳು ಪಟ್ಟಿಗಳನ್ನು, ದೋಣಿಯ ಪಕ್ಕೆ ಹಲಗೆಯನ್ನು ಬಗ್ಗಿಸುವ ಹಾಗೆ, ಹಬೆ ಕೊಟ್ಟು ಬಗ್ಗಿಸಿದ. ಪಕ್ಕದಿಂದ ಬೆಳಕು ನುಸುಳದಂತೆ ಎರಡು ಕಡೆ ಚರ್ಮದ ತುಂಡು ಹೊಲಿದ.

"ಎಷ್ಟು ತೆಳ್ಳಗೆ ಮಾಡ್ತೀಯೋ ಮಾರಾಯ, ಉಳಿಯುತ್ತಾ ಅದು?" ಎಂದೆ ನಾನು.

"ಆರು ವರ್ಷದ ಮೂಗು ಕಣೇ ಅದು. ಮೂಗಿಗಿಂತ ಮೂಗುತಿ ಭಾರ ಆಗ್ಬಾರ್ದು" ಎಂದ.

ಆದರೆ ಗಾಜು? ನಾವಿಬ್ಬರೂ ಒಂದು ಚಳಿಗಾಲದಲ್ಲಿ ಬಿಸಿಲು ಕಾಯಿಸಿಕೊಳ್ಳಲು ದಕ್ಷಿಣದ ದ್ವೀಪಕ್ಕೆ ಹೋಗಿದ್ದೆವು. ಅಲ್ಲಿ ಸಮುದ್ರದ ದಂಡೆಯ ತಳ್ಳುಗಾಡಿಯಲ್ಲಿ ಕೊಂಡಿದ್ದ ಕಡುಕಪ್ಪು ಕನ್ನಡಕವೊಂದು ಮೇಜಿನ ಖಾನೆಯಲ್ಲಿ ಬಿದ್ದಿತ್ತು. ಹಲ್ವಾರ್ ಅದರ ಗಾಜನ್ನೇ ಕತ್ತರಿಸಿ ಕೂರಿಸಿದ. ತೀರಿಲ್ ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಳು. ಬಂದರಿನ ಅಧಿಕಾರಿಯ ಹಾಗೆ ಸೊಂಟದ ಮೇಲೆ ಕೈ ಇಟ್ಟುಕೊಂಡಳು. ನನಗೂ ಹೆಮ್ಮೆ ಬಂತು, ಸುಳ್ಳು ಹೇಳುವುದಿಲ್ಲ.

ಈಸ್ಟರ್‌ಗೆ ಮುಂಚಿನ ಗುರುವಾರ ಗುಡ್ಡ ಹತ್ತಿದೆವು. ಅರ್ಧ ದಾರಿಯಲ್ಲಿ ಕ್ರೀಡಾ ಸಂಘದವರ ಗುಡಿಸಲಿದೆ. ಅಲ್ಲಿ ವಾಫಲ್ ಎಂಬ ಚೌಕಳಿ ದೋಸೆ ಸುಟ್ಟು, ಮೇಲೆ ಕಂದು ಚೀಸ್ ಹಾಕಿ ಕೊಡುತ್ತಾರೆ. ಆ ದಿನ ಸರದಿ ಓಡ್ನಿಯದು. ಓಡ್ನಿ ನಮ್ಮೂರ ಮಕ್ಕಳ ಆರೋಗ್ಯ ಕೇಂದ್ರದ ನರ್ಸ್. ನಮ್ಮ ಪಕ್ಕದ ಮನೆಯಲ್ಲೇ ಬೆಳೆದವಳು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮವರಿಗೆ ಮಾತು ಕಡಿಮೆ, ಥ್ಯಾಂಕ್ಸ್ ಜಾಸ್ತಿ. ಊಟಕ್ಕೆ ಥ್ಯಾಂಕ್ಸ್, ಜೊತೆಗೆ ನಡೆದದ್ದಕ್ಕೆ ಥ್ಯಾಂಕ್ಸ್. ಒಮ್ಮೆ ಕಂಡವರು ಇನ್ನೊಮ್ಮೆ ಸಿಕ್ಕರೆ ಮೊದಲ ಮಾತೇ "ಹೋದ ಸಲದ್ದಕ್ಕೆ ಥ್ಯಾಂಕ್ಸ್" ಎಂಬುದು. ಅದನ್ನು ಹೇಳದಿದ್ದರೆ ಜಗಳವಾಗಿದೆ ಎಂದೇ ಅರ್ಥ.

"ಹೋದ ಸಲದ್ದಕ್ಕೆ ಥ್ಯಾಂಕ್ಸ್, ಗುನ್ವೋರ್ ಅತ್ತೆ" ಎಂದು ನಗುತ್ತಾ ಓಡ್ನಿ ನಮ್ಮ ಕೈಗೆ ತಟ್ಟೆ ಕೊಟ್ಟಳು. ಅವಳ ಕಣ್ಣು ತೀರಿಲಳ ಮೇಲೆ ಹೋಯಿತು. "ಅಬ್ಬಬ್ಬಾ, ಯಾರಿದು! ಎಲ್ಲಿ, ಕನ್ನಡಕ ಒಂದ್ನಿಮಿಷ ಕೊಡ್ತೀಯಾ?"

"ಅಜ್ಜ ಮಾಡಿದ್ದು. ದೋಣಿ ಮರದ್ದು. ನೀರಿಗೆ ಬಿದ್ರೆ ತೇಲುತ್ತೆ, ಗೊತ್ತಾ?" ಎಂದಳು ತೀರಿಲ್.

ಓಡ್ನಿ ತಿರುಗಿಸಿ ಮುರುಗಿಸಿ ನೋಡಿದಳು. ಅಂಚಿನ ಮೇಲೆ ಬೆರಳು ಎಳೆದಳು. "ಎಲ್ಲೂ ಸಿಬಿರಿಲ್ಲ. ಹಗುರವಾಗಿದೆ, ಮುಖಕ್ಕೂ ಸರಿಯಾಗಿ ಕೂತಿದೆ. ಅಂಗಡೀಲೂ ಇಂಥ ಚೌಕಟ್ಟು ಸಿಗಲ್ಲ ಹಲ್ವಾರ್ ಮಾಮ. ಆದ್ರೆ ಗಾಜು ಎಲ್ಲಿಂದ ತಂದ್ರಿ?"

"ದ್ವೀಪದಲ್ಲಿ ಕೊಂಡಿದ್ದು. ಒಲೆ ಮಸಿ ಇದ್ದ ಹಾಗಿದೆ ನೋಡು. ಇದಕ್ಕಿಂತ ಕಪ್ಪು ಇನ್ನೇನು ಬೇಕು?"

"ಅದೇ ಮಾಮ ನನಗೆ ಹೆದರಿಕೆ. ಕಣ್ಣನ್ನ ಸುಡೋದು ಕಾಣೋ ಬೆಳಕಲ್ಲ, ಕಾಣದೇ ಇರೋ ಕಿರಣ. ಯುವಿ ಅಂತಾರಲ್ಲ, ಅದು. ಮೇಲಿಂದಾನೂ ಬರುತ್ತೆ, ಹಿಮದಿಂದ ಚಿಮ್ಮಿ ಕೆಳಗಿಂದಾನೂ ಬರುತ್ತೆ. ಕಪ್ಪು ಗಾಜು ಹಾಕಿದ ಕೂಡ್ಲೇ ಕಣ್ಣಿಗೆ ಕತ್ತಲಾಯ್ತು ಅನ್ಸುತ್ತೆ, ಪಾಪೆ ಅಗಲ ಆಗುತ್ತೆ. ಗಾಜಲ್ಲಿ ಆ ಕಿರಣ ತಡೆಯೋ ಗುಣ ಇಲ್ದಿದ್ರೆ, ಬಾಗಿಲು ತೆಗೆದಿಟ್ಟು ಕಳ್ಳನ್ನ ಕರೆದ ಹಾಗಾಯ್ತು. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತೀರಲ್ಲ ಅತ್ತೆ, ಹಾಗೇ ಕಪ್ಪಗಿರೋದೆಲ್ಲ ನೆರಳಲ್ಲ."

ಹಲ್ವಾರ್‌ನ ಮುಖ ಸಣ್ಣದಾಯಿತು. ಅದನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು. ಮೂರು ವಾರ ಕೂತು ಮಾಡಿದ ಮನುಷ್ಯನಿಗೆ ವಾಫಲ್ ಸುಡುವವಳು ಬುದ್ಧಿ ಹೇಳುವುದೇ?

"ನೋಡಮ್ಮ ಓಡ್ನಿ, ನಿನ್ನ ಮೂಗು ಒರೆಸಿದವಳು ನಾನು. ಹುಟ್ಟಿದಾಗಿಂದ ಈ ಹಿಮದಲ್ಲೇ ಇದೀನಿ, ಒಂದು ದಿನ ಕನ್ನಡಕ ಹಾಕಿಲ್ಲ. ನನ್ನ ಕಣ್ಣಿಗೆ ಏನಾಗಿದೆ?"

"ನಿಮ್ಮ ಕಣ್ಣು ಚೆನ್ನಾಗಿದೆ, ಸಂತೋಷ. ಮಾಮನ ಎರಡು ಕಣ್ಣಿನ ಪೊರೆಯನ್ನೂ ಹೋದ ಚಳಿಗಾಲದಲ್ಲೇ ತಾನೇ ತೆಗೆಸಿದ್ದು?"

"ಅದು ವಯಸ್ಸಿಗೆ ಬಂದಿದ್ದು!"

"ವಯಸ್ಸೂ ಹೌದು. ಬಿಸಿಲೂ ಅದಕ್ಕೆ ಕೈ ಜೋಡಿಸುತ್ತೆ ಅತ್ತೆ. ಮಕ್ಕಳ ಕಣ್ಣು ಇನ್ನೂ ತಿಳಿನೀರಿನ ಹಾಗಿರುತ್ತೆ, ನಮ್ಮದಕ್ಕಿಂತ ಜಾಸ್ತಿ ಕಿರಣ ಒಳಗೆ ಬಿಟ್ಕೊಳ್ಳುತ್ತೆ." ಅವಳು ಒಳಗೆ ಹೋಗಿ ಪುಟ್ಟದೊಂದು ಕನ್ನಡಕ ತಂದಳು. "ನನ್ನ ಮಗಳದ್ದು. ಇವಳಿಗೆ ಒಂಚೂರು ದೊಡ್ಡದಾದೀತು, ಆದ್ರೂ ರಜೆ ಮುಗಿಯೋವರೆಗೆ ಇದನ್ನ ಹಾಕಿ. ಆಮೇಲೆ ಮಾಮನ ಚೌಕಟ್ಟಿಗೇ ಒಳ್ಳೆ ಗಾಜು ಹಾಕಿಸೋಣ."

"ಅಜ್ಜ ಮಾಡಿದ್ದಿರೋವಾಗ ಊರವರದ್ದು ಯಾಕೆ?" ಎಂದು ನಾನು ಎದ್ದುಬಿಟ್ಟೆ. ವಾಫಲ್‌ಗೆ ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಐವತ್ತು ಹೆಜ್ಜೆ ಹೋಗುವವರೆಗೂ ಹಲ್ವಾರ್ ತಿರುತಿರುಗಿ ನೋಡುತ್ತಿದ್ದ. "ಮುಂದೆ ನೋಡ್ಕೊಂಡು ನಡಿಯಪ್ಪ" ಎಂದು ಗದರಿದೆ.

ಮರುದಿನ ಶುಕ್ರವಾರ. ಆಕಾಶದಲ್ಲಿ ಒಂದು ಮೋಡವಿಲ್ಲ. ನಾನೂ ತೀರಿಲಳೂ ಗುಂಡಿ ತೋಡಿದೆವು. ನಾನು ಒಂದು ಕಿತ್ತಳೆ ತಿಂದು, ಮುಖ ಮೇಲೆ ಮಾಡಿ, ಕಣ್ಣು ಮುಚ್ಚಿ ಸುಖವಾಗಿ ತೂಕಡಿಸಿದೆ. ತೀರಿಲ್ ತನ್ನ ಕನ್ನಡಕ ಹಾಕಿಕೊಂಡು ಹಿಮದಲ್ಲಿ ಒಂದು ಇಡೀ ಬಂದರನ್ನೇ ಕಟ್ಟುತ್ತಿದ್ದಳು. ದೋಣಿ, ದೀಪಸ್ತಂಭ, ಮೀನಿನ ಕಾರ್ಖಾನೆ, ಅದರ ಬಾಗಿಲಲ್ಲಿ ಅಜ್ಜಿ. ಹತ್ತು ಗಂಟೆಗೆ ಶುರು ಮಾಡಿದವಳು ನಾಲ್ಕರವರೆಗೆ ತಲೆ ಎತ್ತಲಿಲ್ಲ. "ಕಣ್ಣು ಚುಚ್ಚುತ್ತಾ?" ಎಂದು ನಡುವೆ ಒಮ್ಮೆ ಕೇಳಿದೆ. "ಇಲ್ಲ ಅಜ್ಜಿ, ಇದ್ರೊಳಗೆ ಸಂಜೆ ಥರ ಇದೆ" ಎಂದಳು. ಕೇಳಿದೆಯಾ ಓಡ್ನಿ ಎಂದು ನಾನು ಮನಸ್ಸಿನಲ್ಲೇ ಬೀಗಿದೆ.

ಸಂಜೆ ಊಟಕ್ಕೆ ಕೂತಾಗ ತೀರಿಲ್ ಕಣ್ಣು ಉಜ್ಜತೊಡಗಿದಳು. "ಮರಳು ಬಿದ್ದಿದೆ ಅಜ್ಜಿ" ಎಂದಳು. ಗುಡ್ಡದ ಮೇಲೆ ಮರಳು ಎಲ್ಲಿಂದ ಬರಬೇಕು? ಅರ್ಧ ಗಂಟೆಯಲ್ಲಿ ಕಣ್ಣು ಕೆಂಡದಂತೆ ಕೆಂಪಾಯಿತು, ರೆಪ್ಪೆ ಊದಿತು, ನೀರು ಸುರಿಯಿತು. ಕಿಟಕಿಯ ಬೆಳಕು ಬಿದ್ದರೂ ಚೀರುತ್ತಿದ್ದಳು. ಕೊನೆಗೆ ಕಣ್ಣು ತೆರೆಯಲಿಕ್ಕೇ ಆಗಲಿಲ್ಲ.

ಹಲ್ವಾರ್ ಫೋನು ತೆಗೆದು ನನ್ನ ಕೈಗೆ ಕೊಟ್ಟ. ನಾನು ಓಡ್ನಿಗೆ ಮಾಡಿದೆ.

ಓಡ್ನಿ ಗುಡ್ಡದ ರಕ್ಷಣಾ ದಳದ ಹಿಮದ ಸ್ಕೂಟರ್ ಹತ್ತಿ ಇಪ್ಪತ್ತು ನಿಮಿಷದಲ್ಲಿ ಬಂದಳು. ನಾನು ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದೆ. "ನಾನು ಹೇಳಿರಲಿಲ್ವಾ" ಎಂದು ಅವಳು ಅಂದಿದ್ದರೆ ನನಗೆ ಹಗುರವಾಗುತ್ತಿತ್ತು. ಅವಳು ಅನ್ನಲಿಲ್ಲ. ನೇರ ಮಗುವಿನ ಹತ್ತಿರ ಹೋದಳು.

"ತೀರಿಲ್ ಪುಟ್ಟ, ನಾನು ಓಡ್ನಿ. ಕಣ್ಣಿಗೆ ಬಿಸಿಲು ಹೊಡೆದಿದೆ. ಮುಖದ ಚರ್ಮ ಸುಡುತ್ತಲ್ಲ, ಹಾಗೇ ಕಣ್ಣಿನ ಮೇಲಿನ ತೆಳು ಚರ್ಮ ಸುಟ್ಟಿದೆ. ತುಂಬಾ ನೋವಾಗುತ್ತೆ, ಗೊತ್ತು. ಉಜ್ಬೇಡ ಕಂದ, ಉಜ್ಜಿದ್ರೆ ಗಾಯ ಆಗುತ್ತೆ."

ಕಿಟಕಿಗಳಿಗೆ ಕಂಬಳಿ ಕಟ್ಟಿಸಿದಳು. ಮುಚ್ಚಿದ ರೆಪ್ಪೆಯ ಮೇಲೆ ತಣ್ಣೀರಲ್ಲಿ ಅದ್ದಿದ ಬಟ್ಟೆ ಇಟ್ಟಳು. ಡಾಕ್ಟರ್ ಜೊತೆ ಫೋನಿನಲ್ಲಿ ಮಾತಾಡಿ, ಅವರು ಹೇಳಿದ ನೋವಿನ ಔಷಧಿಯನ್ನು ಹೇಳಿದ ಅಳತೆಯಲ್ಲೇ ಕೊಟ್ಟಳು. ನಾನು ನನಗೆ ಗೊತ್ತಿದ್ದ ಹಳೆಯ ಮದ್ದು, ಮೀನೆಣ್ಣೆ ಬಾಟಲಿ, ಹುಡುಕುತ್ತಿದ್ದೆ. ಅದನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದು ಕಪಾಟಿನಲ್ಲಿಟ್ಟಳು. "ಕಣ್ಣಿಗೆ ಏನೂ ಹಾಕೋದು ಬೇಡ ಅತ್ತೆ. ಒಂದೆರಡು ದಿನದಲ್ಲಿ ಸರಿಹೋಗೋದೇ ಜಾಸ್ತಿ. ನಾಳೆ ಕೆಳಗೆ ಕರ್ಕೊಂಡು ಹೋಗಿ ಡಾಕ್ಟರಿಗೆ ತೋರಿಸೋಣ."

"ಆಗದಿದ್ರೆ?" ಎಂದೆ.

ಅವಳು ನನ್ನ ಕೈ ಹಿಡಿದುಕೊಂಡಳು.

ಶನಿವಾರ ಡಾಕ್ಟರು ಕಣ್ಣು ಪರೀಕ್ಷಿಸಿ, ಹನಿ ಔಷಧಿ ಕೊಟ್ಟು ಕಳಿಸಿದರು. ಮನೆಯಲ್ಲಿ ಪರದೆ ಎಳೆದು ತೀರಿಲಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಹಡಗಿನಿಂದ ಮಾರೆನ್ ಗಂಟೆಗೊಮ್ಮೆ ಫೋನು ಮಾಡುತ್ತಿದ್ದಳು. ಅವಳಿಗೆ ಏನು ಹೇಳಲಿ? ನಿನ್ನ ಮಗಳ ಕಣ್ಣಿಗಿಂತ ನನಗೆ ನನ್ನ ಮಾತೇ ಮೇಲಾಯಿತು ಎಂದೇ? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ನಿದ್ದೆ ಬಂದಿದೆ ಎಂದುಕೊಂಡಿದ್ದ ಮಗು ಬಟ್ಟೆಯ ಕೆಳಗಿನಿಂದ ಕೇಳಿತು, "ಅಜ್ಜೀ, ಸೂರ್ಯ ಮತ್ತೆ ಹೋಗ್ಬಿಟ್ನಾ?"

"ಇಲ್ಲ ಕಂದ, ಹೊರಗಿದ್ದಾನೆ."

"ಮತ್ತೆ ನನಗ್ಯಾಕೆ ಕಾಣಲ್ಲ? ನಾನು ಅವನಿಗೋಸ್ಕರ ಬನ್ನು ತಿಂದಿದ್ನಲ್ಲ? ಜೋರಾಗಿ ಕೂಗಿದ್ನಲ್ಲ?"

ನಾನು ಮೀನು ಸೀಳಿದ ಹೆಂಗಸು, ಸುಲಭಕ್ಕೆ ಅಳುವವಳಲ್ಲ. ಅವತ್ತು ಅತ್ತೆ. ಕಣ್ಣೀರು ಅವಳ ಮುಖದ ಮೇಲೆ ಬೀಳದಂತೆ ಮುಖ ತಿರುಗಿಸಿಕೊಂಡು ಅತ್ತೆ.

ಭಾನುವಾರ ಬೆಳಿಗ್ಗೆ ಈಸ್ಟರ್. ಹಲ್ವಾರ್ ಮೊಟ್ಟೆ ಬೇಯಿಸುತ್ತಿದ್ದ. "ಅಜ್ಜ, ನಿನ್ನ ಗಡ್ಡದಲ್ಲಿ ಬ್ರೆಡ್ ಚೂರಿದೆ" ಎಂದಿತು ಹಿಂದಿನಿಂದ ಒಂದು ದನಿ. ತಿರುಗಿ ನೋಡಿದರೆ ತೀರಿಲ್ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾಳೆ, ಕಣ್ಣು ಬಿಟ್ಟುಕೊಂಡು! ಇನ್ನೂ ಕೆಂಪಿತ್ತು. ಆದರೆ ಬ್ರೆಡ್ ಚೂರು ಕಂಡಿತ್ತು. ದೇವರೇ, ಆ ಬ್ರೆಡ್ ಚೂರಿಗೆ ನಾನು ಎಷ್ಟು ಋಣಿಯೋ ಹೇಳಲಾರೆ.

ಆ ದಿನವೇ ಓಡ್ನಿ ನೋಡಲು ಬಂದಳು. ಅವಳು ಒಳಗೆ ಬರುವ ಹೊತ್ತಿಗೆ ಹಲ್ವಾರ್ ಒಲೆಯ ಬಾಯಿ ತೆರೆದು, ಕೈಯಲ್ಲಿ ಮರದ ಕನ್ನಡಕ ಹಿಡಿದು ನಿಂತಿದ್ದ.

"ಏನ್ ಮಾಡ್ತಿದೀರಾ ಮಾಮ?"

"ಸುಡ್ತೀನಿ. ಮೊಮ್ಮಗಳ ಕಣ್ಣು ಸುಟ್ಟ ವಸ್ತು ಇದು."

ಓಡ್ನಿ ಅದನ್ನು ಕಿತ್ತುಕೊಂಡಳು. "ಚೌಕಟ್ಟು ಏನ್ ತಪ್ಪು ಮಾಡಿದೆ? ಚಳಿಗೆ ಕಚ್ಚಲ್ಲ, ಭಾರ ಇಲ್ಲ, ಪಕ್ಕದಿಂದ ಬೆಳಕು ಬಿಡಲ್ಲ. ತಪ್ಪು ಗಾಜಿಂದು. ದೋಣಿ ಗಟ್ಟಿಯಾಗಿದ್ದು ತಳದಲ್ಲಿ ತೂತಿದ್ರೆ ನೀವು ದೋಣೀನ ಸುಡ್ತೀರಾ, ತೂತು ಮುಚ್ತೀರಾ?"

ಹಲ್ವಾರ್ ಒಲೆಯ ಬಾಯಿ ಮುಚ್ಚಿದ. ದೋಣಿಯ ಮಾತು ಅವನಿಗೆ ಬೇಗ ಅರ್ಥವಾಗುತ್ತದೆ.

ರಜೆ ಮುಗಿದ ಮೇಲೆ ನಾವೆಲ್ಲ ಪಟ್ಟಣದ ಕನ್ನಡಕದ ಅಂಗಡಿಗೆ ಹೋದೆವು. ಅಂಗಡಿಯಾಕೆ ಹಳೆಯ ಗಾಜನ್ನು ಒಂದು ಪುಟ್ಟ ಯಂತ್ರದೊಳಗೆ ಇಟ್ಟು ನಮಗೇ ತೋರಿಸಿದಳು. ಕಾಣುವ ಬೆಳಕು ಒಂದಿಷ್ಟೇ ದಾಟುತ್ತಿತ್ತು, ಕಾಣದ ಕಿರಣ ಮಾತ್ರ ಬಹುಪಾಲು ನುಗ್ಗಿ ಬರುತ್ತಿತ್ತು.

"ಅದರ ಮೇಲೆ ನಗೋ ಸೂರ್ಯನ ಚೀಟಿ ಅಂಟಿಸಿದ್ರು!" ಎಂದ ಹಲ್ವಾರ್.

"ಚೀಟಿ ಯಾರು ಬೇಕಾದ್ರೂ ಅಂಟಿಸಬಹುದು" ಎಂದಳು ಆಕೆ. "ಯುವಿ ನಾನೂರು ಅಂತ ಇರಬೇಕು, ಅಂದ್ರೆ ಆ ಕಿರಣಾನ ಪೂರ್ತಿ ತಡೆಯುತ್ತೆ ಅಂತ. ಸುರಕ್ಷತೆಯ ಸಿಇ ಗುರುತೂ ಇರಬೇಕು. ಅನುಮಾನ ಬಂದ್ರೆ ಹೀಗೆ ತಂದು ಯಂತ್ರದಲ್ಲಿ ನೋಡಿಸ್ಬೇಕು. ನಿಮ್ಮ ಹಿಮಕ್ಕೆ ಕಪ್ಪಿನ ಅಳತೆಯಲ್ಲಿ ಮೂರನೇ ಮಟ್ಟಕ್ಕಿಂತ ಕಮ್ಮಿ ಗಾಜು ಬೇಡ." ಮಕ್ಕಳು ಬಿದ್ದರೂ ಚೂರಾಗದ, ಕಿರಣ ತಡೆಯುವ ಹಗುರ ಗಾಜನ್ನು ಬರ್ಚ್ ಚೌಕಟ್ಟಿನಲ್ಲಿ ಕೂರಿಸಿ ಕೊಟ್ಟಳು. ತಮಾಷೆ ಎಂದರೆ ಹೊಸದು ಹಳೆಯದರಷ್ಟು ಕಪ್ಪಾಗಿರಲಿಲ್ಲ. ಯಂತ್ರದಲ್ಲಿಟ್ಟರೆ ಮಾತ್ರ ಆ ಕಿರಣದ ಸುಳಿವೇ ಇಲ್ಲ.

ತೀರಿಲ್ ನನ್ನ ಕೋಟು ಎಳೆದಳು. "ಅಜ್ಜಿ, ನೀನೂ ಗುಂಡೀಲಿ ಕೂತಿದ್ದೆ. ನಿನ್ನ ಕಣ್ಣು ಯಾಕೆ ಸುಡ್ಲಿಲ್ಲ?"

"ನಿದ್ದೆ ಮಾಡ್ತಿದ್ದೆ ಕಣೆ."

"ಅಂದ್ರೆ ನನ್ನ ನೋಡ್ಕೊಳ್ಳೋ ಬದಲು ಗೊರಕೆ ಹೊಡೀತಿದ್ದೆ!" ಅಂಗಡಿಯವರೆಲ್ಲ ನಕ್ಕರು. ಹಲ್ವಾರ್ ಎಲ್ಲರಿಗಿಂತ ಜೋರಾಗಿ ನಕ್ಕ. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡೆ. ಹೊರಡುವ ಮೊದಲು ನನಗೂ ಒಂದು ಜೊತೆ ಗಾಜು ತೆಗೆದಿರಿಸಲು ಹೇಳಿದೆ. ಚೌಕಟ್ಟು ಮಾಡುವವನು ಮನೆಯಲ್ಲೇ ಇದ್ದಾನಲ್ಲ.

ಆ ಸಂಜೆ ಓಡ್ನಿಯ ಮನೆಯ ಬಾಗಿಲು ತಟ್ಟಿದೆ. ಕೈಯಲ್ಲಿ ಬನ್ನಿನ ಬುಟ್ಟಿ ಇತ್ತು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ, ಅವಳ ಮುಖ ಕಂಡಾಗ ಎಲ್ಲ ಮರೆತುಹೋಯಿತು.

"ಹೋದ ಸಲದ್ದಕ್ಕೆ ಥ್ಯಾಂಕ್ಸ್, ಓಡ್ನಿ" ಎಂದೆ. "ಅದಕ್ಕೂ ಹಿಂದಿನ ಸಲದ್ದಕ್ಕೂ. ವಾಫಲ್‌ಗೂ. ನಿನ್ನ ಮಗಳ ಕನ್ನಡಕ ಕೊಡೋಕೆ ಬಂದ್ಯಲ್ಲ, ಅದಕ್ಕೂ. ನಾನೇ ಹೇಳಿರಲಿಲ್ವಾ ಅಂತ ನೀನು ಒಂದ್ಸಲಾನೂ ಅನ್ಲಿಲ್ಲ, ಅದಕ್ಕೂ."

"ಅನ್ಬೇಕು ಅಂತ ಬಾಯಿ ತುದೀಲಿತ್ತು ಅತ್ತೆ" ಎಂದು ನಕ್ಕು ನನ್ನನ್ನು ಅಪ್ಪಿಕೊಂಡಳು. "ನನ್ನ ಮೂಗು ಒರೆಸಿದವರು ನೀವು, ಅದಕ್ಕೇ ಬಿಟ್ಟೆ."

ಏಪ್ರಿಲ್ ಕೊನೆಗೆ ಮತ್ತೆ ಗುಡ್ಡ ಹತ್ತಿದೆವು. ಮಾರೆನ್ ಕೂಡ ಬಂದಿದ್ದಳು. ನಾಲ್ವರ ಮೂಗಿನ ಮೇಲೂ ಹಲ್ವಾರ್ ಮಾಡಿದ ಮರದ ಕನ್ನಡಕ, ತಲೆಯ ಮೇಲೆ ಅಂಚಿನ ಟೋಪಿ. ನಮ್ಮ ಹಳೆಯ ಗುಂಡಿಯ ಹತ್ತಿರ ತೀರಿಲ್ ನಿಂತಳು. ಕನ್ನಡಕ ಇದ್ದರೂ ಸೂರ್ಯನನ್ನು ನೇರ ದಿಟ್ಟಿಸಬಾರದೆಂದು ಓಡ್ನಿ ಅವಳಿಗೆ ಕಲಿಸಿದ್ದಳು. ಅದಕ್ಕೆ ಅವಳು ಹೊಳೆಯುವ ಹಿಮದ ಕಡೆ ಮುಖ ಮಾಡಿ, ದೊಡ್ಡವರ ಹಾಗೆ ತಲೆಬಾಗಿಸಿ ಹೇಳಿದಳು:

"ಸೂರ್ಯ, ಹೋದ ಸಲದ್ದಕ್ಕೆ ಥ್ಯಾಂಕ್ಸ್."

"ಅಯ್ಯೋ ಪೆದ್ದಿ, ಹೋದ ಸಲ ನಿನ್ನ ಕಣ್ಣು ಸುಟ್ಟಿದ್ದಕ್ಕಾ ಥ್ಯಾಂಕ್ಸು?" ಎಂದೆ.

"ಅವನ ತಪ್ಪಲ್ಲ ಅಜ್ಜಿ. ನಾವು ಸರಿಯಾದ ಕನ್ನಡಕ ಹಾಕಿರ್ಲಿಲ್ಲ" ಎಂದು ಹೇಳಿ ತನ್ನ ಬಂದರು ಕಟ್ಟಲು ಕೂತಳು.

ಇದನ್ನು ಓದುತ್ತಿರುವ ಅಮ್ಮಂದಿರೇ, ಅಪ್ಪಂದಿರೇ, ನನ್ನಂಥ ಹಟಮಾರಿ ಅಜ್ಜಿಯರೇ, ನಿಮ್ಮಲ್ಲಿ ಹಿಮವಿಲ್ಲದಿರಬಹುದು. ಕಡಲ ದಂಡೆಯ ಮರಳಿದೆ, ನೀರಿನ ಹೊಳಪಿದೆ, ಬಟಾಬಯಲಿನ ಆಟದ ಮೈದಾನವಿದೆ. ಮಗುವಿಗೆ ಕನ್ನಡಕ ಕೊಳ್ಳುವಾಗ ಗಾಜು ಎಷ್ಟು ಕಪ್ಪಗಿದೆ ಎಂದು ಕೇಳಬೇಡಿ, ಯುವಿ ನಾನೂರು ಇದೆಯೇ ಎಂದು ಕೇಳಿ. ಮರದ ಚೌಕಟ್ಟು ಆರಿಸಿದರೆ ಬಹಳ ಒಳ್ಳೆಯದು, ಅಂಚಿನ ಮೇಲೆ ನಿಮ್ಮದೇ ಬೆರಳು ಎಳೆದು ಸಿಬಿರಿಲ್ಲವೆಂದು ನೋಡಿಕೊಳ್ಳಿ. ಮೂಗಿನಿಂದ ಜಾರುತ್ತದೆಯೇ, ಪಕ್ಕದಿಂದ ಬೆಳಕು ನುಸುಳುತ್ತದೆಯೇ ಎಂದು ಮಗುವಿನ ಮುಖದ ಮೇಲಿಟ್ಟೇ ನೋಡಿ. ನಂಬಿಕೆಯ ಅಂಗಡಿಯಲ್ಲಿ ಕೊಳ್ಳಿ, ಮನೆಯಲ್ಲಿ ಹಳೆಯದಿದ್ದರೆ ಒಯ್ದು ಯಂತ್ರದಲ್ಲಿ ನೋಡಿಸಿ. ಕಣ್ಣಿನಲ್ಲಿ ಮರಳು ಬಿದ್ದ ಹಾಗಾಗುತ್ತಿದೆ ಎಂದು ಮಗು ಹೇಳಿದರೆ ಮನೆಮದ್ದು ಹುಡುಕದೆ ಡಾಕ್ಟರ ಹತ್ತಿರ ಹೋಗಿ. ನಿಮ್ಮೂರಲ್ಲೂ ಒಬ್ಬ ಓಡ್ನಿ ಇರುತ್ತಾಳೆ. ಅವಳು ಹೇಳಿದಾಗ ಎದ್ದು ಹೋಗಬೇಡಿ.

ಆಮೇಲೆ ಮಗುವಿನ ಮೂಗಿನ ಮೇಲೆ ಕನ್ನಡಕ ಸರಿಯಾಗಿ ಕೂರಿಸಿ, ತಲೆಗೆ ಟೋಪಿ ಹಾಕಿ, ಬಾಗಿಲು ತೆರೆದು ಹೇಳಿ: ಹೋಗು ಕಂದ, ಸೂರ್ಯ ನಿನಗೋಸ್ಕರ ಕಾಯ್ತಿದ್ದಾನೆ.